ಕರಿಮಣ್ಣಿನ ಹಿತ್ತಲಿಗೆ ಗಟ್ಟಿ ಕಲ್ಲಂಗಳ: ಕಲಬುರಗಿ ಮನೆಯವರಿಗೊಂದು ಮಾರ್ಗದರ್ಶಿ

ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ ಕಡೆ ಹೊಲ ಒಡೆದು ಮಾಡಿದ ಲೇಔಟ್‌ಗಳಲ್ಲಿ ಹಿತ್ತಲು ಅಂದರೆ ಏನಿರುತ್ತದೆ ಹೇಳಿ? ಮನೆ ಕಟ್ಟಿದಾಗ ಉಳಿದ ಖಡಿ (ಜಲ್ಲಿ), ಒಡೆದ ಟೈಲ್ಸ್, ಹಳೆ ನೀರಿನ ಟಾಕಿ, ಬಟ್ಟೆ ಒಣಹಾಕುವ ತಂತಿ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ನೆಲದ ಬಿರುಕಿಗೆ ಕೈ ಹೋಗುತ್ತದೆ. ಮಿಕ್ಕ ಜಾಗವೆಲ್ಲ ಕಾಂಗ್ರೆಸ್ ಕಸದ ಪಾಲು.

ಅಲ್ಲಿ ಸಂಜೆ ನಾಲ್ಕು ಕುರ್ಚಿ ಹಾಕಿ ಕೂರುವಂಥ ಅಂಗಳ ಮಾಡಬಹುದು. ಬಹಳಷ್ಟು ಜನ ಮಾಡಿಸುತ್ತಾರೆ ಕೂಡ. ಆದರೆ ಎರಡು ಮಳೆಗಾಲ ಕಳೆಯುವುದರೊಳಗೆ ಹಾಸಿದ ಸಿಮೆಂಟ್ ಬ್ಲಾಕುಗಳು ಒಂದು ಕಡೆ ಎದ್ದು, ಇನ್ನೊಂದು ಕಡೆ ಕುಸಿದು, ನಡುವೆ ನೀರು ನಿಲ್ಲುತ್ತದೆ. ಬ್ಲಾಕ್ ಕಂಪನಿ ಸರಿಯಿಲ್ಲ ಅಂತ ಬೈಯುತ್ತಾರೆ. ಬಹುತೇಕ ಕಡೆ ಬ್ಲಾಕಿನ ತಪ್ಪೇನೂ ಇರುವುದಿಲ್ಲ. ತಪ್ಪು ಇರುವುದು ಅದರ ಕೆಳಗಿನ ಒಂದೂವರೆ ಅಡಿಯಲ್ಲಿ. ಅದಕ್ಕೇ ಈ ಲೇಖನದಲ್ಲಿ ಮೇಲಿನ ಕಲ್ಲಿಗಿಂತ ಕೆಳಗಿನ ಮಣ್ಣಿನ ಮಾತೇ ಜಾಸ್ತಿ.

ಮಣ್ಣು ಗುರುತಿಸಿ

ಕಲಬುರಗಿ ನಗರ ಕೂತಿರುವುದು ದಖ್ಖನ್ ಕಪ್ಪು ಶಿಲೆಯ ಮೇಲೆ. ಆ ಶಿಲೆ ಸವೆದು ಆದದ್ದೇ ನಮ್ಮ ಕರಿಮಣ್ಣು, ಅಂದರೆ ಎರೆ. ತೊಗರಿಗೆ, ಜೋಳಕ್ಕೆ ಇದು ಬಂಗಾರ. ಕಟ್ಟಡಕ್ಕೆ ಮಾತ್ರ ಕಾಟ. ಇದರೊಳಗಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇ ತಿಂಗಳ 42-43 ಡಿಗ್ರಿ ಬಿಸಿಲಿಗೆ ಕುಗ್ಗಿ ಬಿರಿದ ನೆಲ, ಜುಲೈ ಮಳೆಗೆ ಊದಿಕೊಂಡು ಮೇಲೇಳುತ್ತದೆ. ಮೇಲೆ ಹಾಸಿದ್ದೆಲ್ಲ ಅದರ ಜೊತೆ ಏರಬೇಕು, ಇಳಿಯಬೇಕು.

ನಿಮ್ಮ ಹಿತ್ತಲಿನದು ಯಾವ ಮಣ್ಣು ಅಂತ ತಿಳಿಯಲು ಲ್ಯಾಬ್ ಬೇಕಿಲ್ಲ. ಒಂದು ಹಿಡಿ ತೆಗೆದು ನೀರು ಹಾಕಿ ನಾದಿ, ಅಂಗೈಯಲ್ಲಿ ಹೊಸೆಯಿರಿ. ಸಣ್ಣ ದಾರದಂತೆ ಮುರಿಯದೆ ಬಂದರೆ, ಕೈ ತೊಳೆದರೂ ಬಿಡದಿದ್ದರೆ, ಬೇಸಿಗೆಯಲ್ಲಿ ಬೆರಳು ಹೋಗುವ ಬಿರುಕು ಬಿಡುತ್ತಿದ್ದರೆ ಅದು ಎರೆಯೇ. ಎರಡು ಕಡೆ ಎರಡಡಿ ಅಗೆದು ನೋಡಿ. ಕೆಲವು ಕಡೆ ಎರಡಡಿಗೇ ಮೊರಂ, ಅಂದರೆ ಗರಸು ಮಣ್ಣು ಸಿಗುತ್ತದೆ. ಹಾಗಿದ್ದರೆ ನಿಮ್ಮ ಕಾಟ ಅಷ್ಟಕ್ಕೆ ಕಡಿಮೆ ಅಂದುಕೊಳ್ಳಿ. ಬೀದರ್ ಊರೊಳಗಿನವರಿಗೂ ಈ ತಲೆನೋವು ಕಡಿಮೆ. ಅಲ್ಲಿ ಎತ್ತರದ ಜಾಗದಲ್ಲೆಲ್ಲ ಕೆಂಪು ಜಂಬಿಟ್ಟಿಗೆ ನೆಲ, ಉಬ್ಬುವ ಗುಣ ಬಹಳ ಕಮ್ಮಿ. ಅವರು ಮುಂದೆ ಹೇಳುವ ಮೊರಂ ಪದರ ಬಿಟ್ಟು ಬರೀ ಖಡಿ ಪದರದಿಂದ ಶುರು ಮಾಡಿದರೂ ನಡೆಯುತ್ತದೆ.

ಒಂದು ಮಾತು ಮೊದಲೇ ತಿಳಿದಿರಲಿ. ಎರೆ ಆಳಕ್ಕೆ ಇದ್ದರೆ ಅದರ ಏರಿಳಿತವನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಅದನ್ನು ಕಡಿಮೆ ಮಾಡಬಹುದು, ಎಲ್ಲ ಕಡೆ ಒಂದೇ ಸಮ ಆಗುವಂತೆ ನೋಡಿಕೊಳ್ಳಬಹುದು, ಕೆಟ್ಟರೆ ಸುಲಭವಾಗಿ ರಿಪೇರಿ ಆಗುವ ಹಾಗೆ ಕಟ್ಟಬಹುದು. ಹಿತ್ತಲಿಗೆಲ್ಲ ನಾಲ್ಕಿಂಚು ಕಾಂಕ್ರೀಟ್ ಸುರಿಸುವುದು ನನಗೆ ಹಿಡಿಸದಿರುವುದು ಇದಕ್ಕೇ. ಕೆಳಗಿನ ನೆಲ ಅಲುಗಿದರೆ ಕಾಂಕ್ರೀಟ್ ಸೀಳುತ್ತದೆ. ಸೀಳಿದ ಮೇಲೆ ಒಡೆದು ತೆಗೆಯುವುದು ಬಿಟ್ಟು ಬೇರೆ ದಾರಿಯಿಲ್ಲ. ಉಸುಕಿನ ಮೇಲೆ ಕೂತ ಬ್ಲಾಕ್ ಹಾಗಲ್ಲ. ಎತ್ತಿ, ಕೆಳಗೆ ಸರಿಮಾಡಿ, ಅದೇ ಬ್ಲಾಕ್ ಮತ್ತೆ ಕೂರಿಸಬಹುದು.

ಯಾವಾಗ ಶುರು ಮಾಡಬೇಕು

ದೀಪಾವಳಿ ಮುಗಿದ ಮೇಲೆ, ಶಿವರಾತ್ರಿಯೊಳಗೆ. ಮಳೆಗಾಲದಲ್ಲಿ ಎರೆ ಅಂಟು, ಎಷ್ಟು ಬಡಿದರೂ ಗಟ್ಟಿ ಕೂರುವುದಿಲ್ಲ. ಮೇ ತಿಂಗಳಲ್ಲಿ ಮಾಡಿಸಿದರೆ ಇನ್ನೂ ಅಪಾಯ. ಆಗ ನೆಲ ಪೂರ್ತಿ ಕುಗ್ಗಿರುತ್ತದೆ. ಲೆವೆಲ್ ಚೆಂದ ಕಾಣುತ್ತದೆ, ಮೊದಲ ಮಳೆಗೆ ಎಲ್ಲ ಮೇಲೆದ್ದು ಕೂರುತ್ತದೆ. ಚಳಿಗಾಲದಲ್ಲಿ ಮಣ್ಣಿನೊಳಗೆ ನಡುಮಟ್ಟದ ತೇವ ಇರುತ್ತದೆ, ಆಗ ಹಾಸಿದರೆ ಆಮೇಲಿನ ಏರಿಳಿತ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಇರುತ್ತದೆ. ಕಲಬುರಗಿಯಲ್ಲಿ ಅಕ್ಟೋಬರ್ ಮಳೆಯನ್ನೂ ನಂಬುವ ಹಾಗಿಲ್ಲ. 2020ರ ಅಕ್ಟೋಬರ್ ಯಾರೂ ಮರೆತಿಲ್ಲ ಅಲ್ವಾ? ಅಗೆದು ಬಿಟ್ಟ ಗುಂಡಿಯಲ್ಲಿ ಅಂಥ ಮಳೆ ನಿಂತರೆ ಕೆಲಸ ಮತ್ತೆ ಮೊದಲಿಂದ.

ಕಾಗದದ ಮೇಲೆ ಹಿತ್ತಲು

ಅಳತೆ ಹಾಕಿ ಒಂದು ನಕಾಶೆ ಬರೆಯಿರಿ. ಅದರಲ್ಲಿ ಸೆಪ್ಟಿಕ್ ಟ್ಯಾಂಕ್, ಚೇಂಬರ್, ನೀರಿನ ಸಂಪು, ಬೋರ್, ನೆಲದೊಳಗಿನ ಪೈಪು, ವೈರು ಎಲ್ಲ ಗುರುತು ಹಾಕಿ. ಚೇಂಬರ್ ಮುಚ್ಚಳದ ಮೇಲೆ ಬ್ಲಾಕ್ ಹಾಸಿ ಮುಚ್ಚಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮುಚ್ಚಳವನ್ನು ಅಂಗಳದ ಮಟ್ಟಕ್ಕೆ ಏರಿಸಿ, ಕಬ್ಬಿಣದ ಬಳೆ ಇರುವ ಫರಸಿ (ಹಾಸುಗಲ್ಲು) ತುಂಡು ಕೂರಿಸಿ. ಚೇಂಬರ್ ಕಟ್ಟಿಕೊಂಡ ದಿನ ನಿಮ್ಮನ್ನೇ ನೀವು ಹೊಗಳಿಕೊಳ್ಳುತ್ತೀರಿ.

ಬಿಸಿಲು ಎಲ್ಲಿ ಬೀಳುತ್ತದೆ ನೋಡಿ. ನಮ್ಮ ಕಡೆ ಪಶ್ಚಿಮದ ಬಿಸಿಲೇ ವೈರಿ. ಮಧ್ಯಾಹ್ನದ ನಂತರ ಮನೆಯದೇ ನೆರಳು ಬೀಳುವ ಪೂರ್ವದ ಕಡೆ ಕೂರುವ ಜಾಗ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಹಿತ್ತಲು ಪಶ್ಚಿಮಕ್ಕೇ ಇದ್ದರೆ ನೆರಳಿನ ಏರ್ಪಾಡು ಮೊದಲೇ ಯೋಚಿಸಿ.

ಇಡೀ ಹಿತ್ತಲನ್ನು ಗೋಡೆಯಿಂದ ಗೋಡೆಗೆ ಹಾಸಬೇಡಿ. ನಾಲ್ಕು ಜನ ಕೂತು, ಹಿಂದೆ ಓಡಾಡಲು ದಾರಿ ಬಿಡಬೇಕಾದರೆ 12 ಅಡಿಗೆ 12 ಅಡಿ ಸಾಕು. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುವ ಮನೆಯಾದರೆ ಇನ್ನಷ್ಟು ಇರಲಿ. ಲೆಕ್ಕಕ್ಕೆ ಅನುಕೂಲ ಅಂತ ಇಲ್ಲಿ ಮನೆ ಗೋಡೆಯ ಉದ್ದಕ್ಕೆ 20 ಅಡಿ, ಹೊರಕ್ಕೆ 15 ಅಡಿ, ಒಟ್ಟು 300 ಚದರಡಿ ಅಂತ ಹಿಡಿಯುತ್ತೇನೆ.

ಶಹಾಬಾದ್ ಫರಸಿಯೋ, ಸಿಮೆಂಟ್ ಬ್ಲಾಕೋ?

ಮನೆ ಬಾಗಿಲಲ್ಲೇ ಶಹಾಬಾದ್, ವಾಡಿ, ಚಿತ್ತಾಪುರದ ಖಣಿಗಳಿವೆ. ಹೀಗಿರುವಾಗ ದೂರದಿಂದ ಕಲ್ಲು ತರಿಸುವವರನ್ನು ಕಂಡರೆ ನನಗೆ ಆಶ್ಚರ್ಯ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಪದರ ಪದರವಾಗಿ ಏಳುತ್ತದೆ, ಬೂದಿ ಬಣ್ಣ, ಬರಿಗಾಲಿಗೆ ಹಿತ. ನಮ್ಮ ಹಳೆ ಮನೆಗಳ ಪಡಸಾಲೆ ಪೂರ್ತಿ ಅದೇ. ಹಿತ್ತಲಿಗೆ ತರುವಾಗ ಮೂರು ವಿಷಯ ನೆನಪಿಡಿ. ಪಾಲಿಶ್ ಮಾಡಿದ್ದು ಬೇಡ, ಒದ್ದೆಯಾದರೆ ಜಾರುತ್ತದೆ. ಮೇಲ್ಮೈ ಒರಟಾಗಿರುವುದನ್ನೇ ಕೇಳಿ. ಒಳಗೆ ಹಾಸುವ ತೆಳು ಫರಸಿ ಉಸುಕಿನ ಮೇಲೆ ಸೀಳುತ್ತದೆ. ಕನಿಷ್ಠ ಒಂದೂವರೆ ಇಂಚು ದಪ್ಪ ಇರಲಿ, ತುಂಡು ಎರಡಡಿಗಿಂತ ದೊಡ್ಡದು ಬೇಡ. ಮೂರನೆಯದು, ಪ್ರತಿ ಕಲ್ಲನ್ನೂ ಸುತ್ತಿಗೆಯ ತುದಿಯಿಂದ ತಟ್ಟಿ ನೋಡಿ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ. ಮಂಕು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ, ಪಕ್ಕಕ್ಕಿಡಿ.

ಸಿಮೆಂಟ್ ಪೇವರ್ ಬ್ಲಾಕ್ ಆದರೆ ಓಡಾಡಲು, ಬೈಕ್ ನಿಲ್ಲಿಸಲು 60 ಎಂಎಂ ದಪ್ಪ ಸಾಕು. ಕಾರು ಬರುವುದಿದ್ದರೆ 80 ಎಂಎಂ. ಎರಡು ಬ್ಲಾಕ್ ಒಂದಕ್ಕೊಂದು ಬಡಿದು ನೋಡಿ, ಮೂಲೆ ಉದುರಿದರೆ ಕ್ಯೂರಿಂಗ್ ಸರಿ ಆಗಿಲ್ಲ. ಒಂದನ್ನು ಒಡೆಸಿ ನೋಡುವುದು ಇನ್ನೂ ಒಳ್ಳೆಯದು. ಕೆಲವರು ಮೇಲೆ ಅರ್ಧ ಇಂಚು ಬಣ್ಣದ ಗಟ್ಟಿ ಪದರ ಕೊಟ್ಟು, ಕೆಳಗೆ ಬರೀ ಪುಡಿ ತುಂಬಿರುತ್ತಾರೆ. ಬಣ್ಣದಲ್ಲಿ ತಿಳಿ ಬೂದಿ ಆರಿಸಿ. ಕಪ್ಪು, ಕಡುಗೆಂಪು ಬ್ಲಾಕು ಏಪ್ರಿಲ್ ಮಧ್ಯಾಹ್ನ ಕಾಲು ಸುಡುತ್ತವೆ, ಸಂಜೆ ಆದಮೇಲೂ ಕಾವು ಬಿಡುತ್ತಲೇ ಇರುತ್ತವೆ.

ನನ್ನ ಆಯ್ಕೆ ಕೇಳಿದರೆ, ನಡುವೆ ಬ್ಲಾಕ್, ಅಂಚಿಗೆ ಮತ್ತು ಕಟ್ಟೆಗೆ ಶಹಾಬಾದ್. ಎರೆ ನೆಲದಲ್ಲಿ ಸಣ್ಣ ತುಂಡುಗಳೇ ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಅಗೆಯುವುದು, ತುಂಬುವುದು

ಮೊದಲು ದಾರ ಕಟ್ಟಿ. ಮೂಲೆ ನೇರ ಬಂದಿದೆಯಾ ನೋಡಲು ಒಂದು ಬದಿ 3 ಅಡಿ, ಇನ್ನೊಂದು ಬದಿ 4 ಅಡಿ ಗುರುತು ಮಾಡಿ, ಎರಡರ ನಡುವೆ 5 ಅಡಿ ಬರಬೇಕು. ಮನೆ ಕಡೆಯ ಅಂಚಿನಲ್ಲಿ ಅಂಗಳದ ಮಟ್ಟ ಮನೆಯೊಳಗಿನ ನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಲಿ. ಅಲ್ಲಿಂದ ಹೊರಕ್ಕೆ ಪ್ರತಿ 5 ಅಡಿಗೆ 1 ಇಂಚು ಇಳಿಜಾರು. 15 ಅಡಿಗೆ 3 ಇಂಚು. ನೀರು ತುಂಬಿದ ಪೈಪಿನಿಂದ ಈ ಲೆವೆಲ್ ನೋಡುವುದು ಪ್ರತಿ ಗೌಂಡಿಗೂ ಗೊತ್ತು. ನೀವು ಪಕ್ಕದಲ್ಲಿ ನಿಂತು ನೋಡಿ ಅಷ್ಟೇ.

ಇನ್ನು ಆಳ. ಬ್ಲಾಕ್ ಎರಡೂವರೆ ಇಂಚು, ಉಸುಕು 1 ಇಂಚು, ಖಡಿ 6 ಇಂಚು, ಮೊರಂ 9 ಇಂಚು. ಹತ್ತಿರ ಹತ್ತಿರ ಒಂದೂವರೆ ಅಡಿ ಅಗೆಯಬೇಕು. 300 ಚದರಡಿಗೆ 450 ಘನ ಅಡಿ ಮಣ್ಣು. ಅಗೆದ ಮೇಲೆ ಸಡಿಲಾಗಿ 600 ಘನ ಅಡಿ ಹತ್ತಿರ ಆಗುತ್ತದೆ, ಅಂದರೆ 6 ಬ್ರಾಸ್. ಇದನ್ನು ಎಲ್ಲಿ ಹಾಕುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಇಲ್ಲಾಂದ್ರೆ ಅದು ಪಕ್ಕದ ಖಾಲಿ ಪ್ಲಾಟಿಗೆ ಬಿದ್ದು ಜಗಳ ಶುರುವಾಗುತ್ತದೆ. ಹೂಗಿಡದ ಮಡಿಗೆ ಒಂದು ಬ್ರಾಸ್ ಉಳಿಸಿಕೊಳ್ಳಿ.

ಹಳೆ ಮನೆಯವರಿಗೆ ಒಂದು ಎಚ್ಚರಿಕೆ. ನಿಮ್ಮ ಪಾಯ ಎಷ್ಟು ಆಳ ಇದೆ ನೋಡದೆ ಗೋಡೆಗೆ ಹತ್ತಿಸಿ ಅಗೆಯಬೇಡಿ. ಪಾಯದ ಕಲ್ಲು ಮೇಲೇ ಮುಗಿದಿದ್ದರೆ ಗೋಡೆಯಿಂದ ದೂರ ಸರಿದು ಅಗೆಯಿರಿ, ಗೋಡೆ ಪಕ್ಕ ತೆಳುವಾಗಿ ತುಂಬಿದರೆ ಸಾಕು. ಜೇಕು, ಬಳ್ಳಾರಿ ಜಾಲಿ ಬೇರು ಕಂಡರೆ ಆರಿಸಿ ತೆಗೆಯಿರಿ. ಜೇಕಿನ ಗಡ್ಡೆ ಉಳಿದರೆ ಬ್ಲಾಕಿನ ಸಂದಿಯಿಂದ ಹಣಿಕಿ ಹಾಕುತ್ತದೆ.

ಗುಂಡಿಯ ತಳವನ್ನೂ ಅದೇ ಇಳಿಜಾರಿಗೆ ಕೆತ್ತಿ, ಸ್ವಲ್ಪ ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಎರೆಯ ಕೆಸರು ಮೇಲಕ್ಕೆ ಏರಿ ಮೊರಂ ಜೊತೆ ಬೆರೆಯುವುದನ್ನು ಇದು ತಡೆಯುತ್ತದೆ.

ಇಲ್ಲಿ ನಮ್ಮ ಕಡೆ ನಡೆಯುವ ದೊಡ್ಡ ತಪ್ಪೊಂದಿದೆ. ಎರೆ ತೆಗೆದ ಜಾಗಕ್ಕೆ ಪೂರ್ತಿ ಉಸುಕು ಅಥವಾ ಡಸ್ಟ್ (ಕ್ರಷರ್ ಕಲ್ಲುಪುಡಿ) ಸುರಿಯುತ್ತಾರೆ. ಕೇಳಿದರೆ ‘ಏನೂ ಆಗಂಗಿಲ್ರೀ’ ಅಂತಾರೆ. ಸುತ್ತ ನೀರು ಬಿಡದ ಎರೆ, ನಡುವೆ ನೀರು ಹೀರುವ ಉಸುಕು. ಆ ಗುಂಡಿ ಒಂದು ಹಂಡೆಯಂತೆ ಆಗುತ್ತದೆ. ಬಿದ್ದ ಮಳೆಯೆಲ್ಲ ತಳದಲ್ಲಿ ನಿಂತು, ಕೆಳಗಿನ ಎರೆಗೆ ತಿಂಗಳುಗಟ್ಟಲೆ ನೀರು ಕುಡಿಸುತ್ತದೆ. ಉಬ್ಬು ಇನ್ನೂ ಜಾಸ್ತಿ. ತಳಕ್ಕೆ ಬೇಕಾದದ್ದು ಸ್ವಲ್ಪ ಅಂಟಿರುವ, ಬಡಿದರೆ ಬಿಗಿಯಾಗಿ ಕೂರುವ, ಆದರೆ ಉಬ್ಬದ ಕೆಂಪು ಮೊರಂ. 9 ಇಂಚನ್ನು ಒಂದೇ ಸಲ ಹಾಕಬೇಡಿ. ಮೂರು ಸಲ ಹಾಕಿ. ಪ್ರತಿ ಸಲ ನೀರು ಚಿಮುಕಿಸಿ, ಪ್ಲೇಟ್ ವೈಬ್ರೇಟರ್ ಓಡಿಸಿ. ಈ ಯಂತ್ರ ಬಾಡಿಗೆಗೆ ಸಿಗುತ್ತದೆ. ಕೈ ದಮ್ಮಸಿನಿಂದಲೂ ಆಗುತ್ತದೆ, ಆದರೆ 300 ಚದರಡಿ ಬಡಿಯುವಷ್ಟರಲ್ಲಿ ಆಳುಗಳು ಬೇಸತ್ತು ಕೊನೆಯ ಮೂಲೆ ಹಾಗೇ ಬಿಡುತ್ತಾರೆ. ಹಿಮ್ಮಡಿಯಿಂದ ಜೋರಾಗಿ ಒದ್ದಾಗ ಗುರುತು ಬೀಳಬಾರದು. ಬಿದ್ದರೆ ಇನ್ನೊಮ್ಮೆ ಓಡಿಸಿ. ಬಡಿದ ಮೇಲೆ ಕುಗ್ಗುವುದನ್ನೂ ಸೇರಿಸಿ ಮೊರಂ ಸುಮಾರು 3 ಬ್ರಾಸ್ ಬೇಕು.

ಅಷ್ಟು ಮೊರಂ ತರಿಸುವುದು ಭಾರ ಅನಿಸಿದರೆ ಸುಣ್ಣದ ದಾರಿ ಇದೆ. 12 ಇಂಚಿನಷ್ಟೇ ಮಣ್ಣು ಹೊರಹಾಕಿ, ಕೆಳಗಿನ 6 ಇಂಚು ಎರೆಯನ್ನು ಅಗೆದು ಪುಡಿಮಾಡಿ, ತೂಕದ ಶೇ 4ರಷ್ಟು ಸುಣ್ಣದ ಪುಡಿ ಬೆರೆಸಿ. 300 ಚದರಡಿಗೆ ಸುಮಾರು 270 ಕಿಲೋ. ನೀರು ಹಾಕಿ ಒಂದು ದಿನ ಬಿಟ್ಟು, ಮತ್ತೆ ಕಲಸಿ ಬಡಿಯಿರಿ. ಸುಣ್ಣ ಎರೆಯ ಉಬ್ಬುವ ಗುಣವನ್ನೇ ಕಡಿಮೆ ಮಾಡುತ್ತದೆ. ಅದರ ಮೇಲೆ 3 ಇಂಚು ಮೊರಂ ಸಾಕು. ಅರಳಿದ ಸುಣ್ಣವೇ ಆಗಬೇಕು, ಸುಟ್ಟ ಸುಣ್ಣದ ಹರಳು ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಇಲ್ಲದೆ ಈ ಕೆಲಸ ಮಾಡಿಸಬೇಡಿ.

ಮೊರಂ ಮೇಲೆ 6 ಇಂಚು ಖಡಿ. 40 ಎಂಎಂನಿಂದ ಡಸ್ಟಿನವರೆಗೆ ಎಲ್ಲ ಅಳತೆ ಬೆರೆತ ಮಿಶ್ರಣ ಕೇಳಿ, ಕ್ರಷರ್‌ನವರು ಜಿಎಸ್‌ಬಿ ಅನ್ನುತ್ತಾರೆ. ಎರಡು ಬ್ರಾಸ್ ಸಾಕು. ಎರಡು ಪದರದಲ್ಲಿ ಹಾಕಿ ಬಡಿಸಿ.

ನೀರಿಗೆ ದಾರಿ

ಬ್ಲಾಕಿನ ಸಂದಿಯಿಂದ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಅದಕ್ಕೆ ಹೊರಹೋಗಲು ದಾರಿ ಬೇಕು. ಇಳಿಜಾರಿನ ಕೆಳ ಅಂಚಿನಲ್ಲಿ, ಖಡಿ ಪದರದ ತಳದ ಮಟ್ಟಕ್ಕೆ, ತೂತು ಕೊರೆದ 4 ಇಂಚಿನ ಪಿವಿಸಿ ಪೈಪ್ ಇಡಿ. ಅದಕ್ಕೆ ಅದೇ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ. ಪೈಪಿನ ಬಾಯಿ ರಸ್ತೆ ಚರಂಡಿಗೆ ಅಥವಾ ಮನೆ ಪಾಯದಿಂದ ಕನಿಷ್ಠ 15 ಅಡಿ ದೂರದ ಇಂಗುಗುಂಡಿಗೆ ಹೋಗಲಿ. ಮಳೆನೀರು ಇಂಗಿಸುವುದು ಒಳ್ಳೆಯದೇ, ಆದರೆ ಎರೆ ನೆಲದಲ್ಲಿ ಗೋಡೆ ಪಕ್ಕ ಇಂಗಿಸಿದರೆ ಗೋಡೆ ಸೀಳುತ್ತದೆ.

ಗೋಡೆಯ ಪಕ್ಕದ 3 ಅಡಿಗೆ, ಖಡಿಯ ಮೇಲೆ ದಪ್ಪ ತಾಡಪಾಲು ಹೊರಗಿಳಿಜಾರಾಗಿ ಹಾಸಿ, ಆಮೇಲೆ ಉಸುಕು ಹಾಕಿ. ಪಾಯಕ್ಕೆ ನೀರು ಇಳಿಯುವುದಿಲ್ಲ. ಮಾಳಿಗೆಯಿಂದ ಬರುವ ಪೈಪು ಅಂಗಳದ ಮೇಲೆ ಸುರಿಯುತ್ತಿದ್ದರೆ ಅದನ್ನು ಮೊದಲು ಬೇರೆ ಕಡೆ ತಿರುಗಿಸಿ. ಅಂಗಳ ಹಾಳಾದ ಮನೆಗಳಲ್ಲಿ ನಾನು ಮೊದಲು ನೋಡುವುದೇ ಆ ಪೈಪನ್ನು.

ಹಾಸುವ ಕೆಲಸ

ಇಲ್ಲಿಂದ ಕೆಲಸ ಸರಾಗ. ಮೂರು ಬದಿಗೆ ಅಂಚು ಕಟ್ಟಿ. ಫರಸಿ ಪಟ್ಟಿಯನ್ನು ನಿಲ್ಲಿಸಿ ಎರಡೂ ಕಡೆ ಕಾಂಕ್ರೀಟ್ ಹಾಕಿದರೆ ಚೆಂದ, ಗಟ್ಟಿ. ಅಂಚು ಇಲ್ಲದ ಅಂಗಳದ ಬ್ಲಾಕು ಒಂದೊಂದಾಗಿ ಹೊರಕ್ಕೆ ಜರುಗುತ್ತವೆ. ಮನೆ ಗೋಡೆಗೆ ಮಾತ್ರ ಬ್ಲಾಕ್ ತಾಗಿಸಬೇಡಿ, ಅರ್ಧ ಇಂಚು ಸಂದಿ ಬಿಟ್ಟು ಥರ್ಮಾಕೋಲ್ ಪಟ್ಟಿ ಇಡಿ. ಮನೆ ಬೇರೆ ಅಲುಗುತ್ತದೆ, ಅಂಗಳ ಬೇರೆ ಅಲುಗುತ್ತದೆ.

1 ಇಂಚಿನ ಎರಡು ಪೈಪು ಖಡಿಯ ಮೇಲಿಟ್ಟು, ನಡುವೆ ದಪ್ಪ ಉಸುಕು ಸುರಿದು, ಅಲ್ಯೂಮಿನಿಯಂ ಪಟ್ಟಿಯಿಂದ ಎಳೆಯಿರಿ. ಪೈಪು ತೆಗೆದು ಆ ಗೆರೆಗೆ ಉಸುಕು ತುಂಬಿ. ಪ್ಲಾಸ್ಟರಿನ ಸಣ್ಣ ಉಸುಕು ಬೇಡ. ಕೆಳಗಿನ ತಗ್ಗುಗಳನ್ನು ಉಸುಕಿನಿಂದ ಮುಚ್ಚುವ ಚಾಳಿಯೂ ಬೇಡ. ಉಸುಕು ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಎಳೆದ ಉಸುಕಿನ ಮೇಲೆ ನಡೆಯದೆ, ಹಾಸಿದ ಬ್ಲಾಕಿನ ಮೇಲೆ ಕೂತು ಮುಂದಕ್ಕೆ ಹೋಗಬೇಕು. ಬ್ಲಾಕುಗಳ ನಡುವೆ 2ರಿಂದ 4 ಎಂಎಂ ಸಂದಿ. ಅಂಚಿಗೆ ಬರುವ ತುಂಡು ಬ್ಲಾಕಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾದರೆ ಸಾಲು ಸ್ವಲ್ಪ ಬದಲಿಸಿ.

ಪೂರ್ತಿ ಹಾಸಿದ ಮೇಲೆ ಕೆಳಗೆ ರಬ್ಬರ್ ಹಾಳೆ ಇರುವ ವೈಬ್ರೇಟರ್ ಓಡಿಸಿ, ಒಣಗಿದ ಸಣ್ಣ ಉಸುಕು ಗುಡಿಸಿ ಸಂದಿಗೆ ತುಂಬಿ, ಮತ್ತೆ ಓಡಿಸಿ, ಮತ್ತೆ ತುಂಬಿ. ಸಂದಿಗೆ ಸಿಮೆಂಟ್ ನೀರು ಸುರಿಯಬೇಡಿ. ಬ್ಲಾಕು ಬಿಡಿ ಬಿಡಿಯಾಗಿ ಇರುವುದರಿಂದಲೇ ಈ ಅಂಗಳ ಬದುಕುವುದು. ಶಹಾಬಾದ್ ಕಲ್ಲಿನ ಮೇಲೆ ಯಂತ್ರ ಓಡಿಸಿದರೆ ಸೀಳುತ್ತದೆ, ಅದಕ್ಕೆ ರಬ್ಬರ್ ಸುತ್ತಿಗೆಯೇ ಸರಿ.

ಗಿಡ, ನೆರಳು, ಕಟ್ಟೆ

ಹೂವಿನ ಮಡಿ ಮನೆ ಗೋಡೆಗೆ ಅಂಟಿ ಬೇಡ, ಕಾಂಪೌಂಡ್ ಕಡೆ ಇರಲಿ. ದಿನಾ ನೀರು ಹಾಕುವ ಜಾಗ ಪಾಯದಿಂದ ದೂರ ಇದ್ದಷ್ಟೂ ಒಳ್ಳೆಯದು. ಮರದ ಕಥೆ ಉಲ್ಟಾ. ಮರ ಮಣ್ಣಿನ ನೀರು ಎಳೆದುಕೊಂಡು ಆ ಭಾಗದ ಎರೆಯನ್ನು ಕುಗ್ಗಿಸುತ್ತದೆ. ಬೇವು, ಹೊಂಗೆಗೆ ಮನೆಯಿಂದ 25 ಅಡಿ ದೂರ ಸಿಗದಿದ್ದರೆ ಹಿತ್ತಲಲ್ಲಿ ಹಾಕಬೇಡಿ, ರಸ್ತೆ ಬದಿಗೆ ಹಾಕಿ. ಅರಳಿ, ಆಲದ ಸಸಿ ಗೋಡೆಯಲ್ಲಿ ತಾನಾಗಿ ಹುಟ್ಟಿದರೂ ಸಣ್ಣದಿದ್ದಾಗಲೇ ಕೀಳಿ.

ಸಣ್ಣ ಹಿತ್ತಲಿಗೆ ದಾಳಿಂಬೆ, ಸೀತಾಫಲ, ಕರಿಬೇವು, ಪಾರಿಜಾತ, ನಂದಿಬಟ್ಟಲು ಹಿಡಿಸುತ್ತವೆ. ನಮ್ಮ ಬಿಸಿಲನ್ನು ಬೋಗನ್‌ವಿಲ್ಲಾದಷ್ಟು ಖುಷಿಯಿಂದ ತಿನ್ನುವ ಗಿಡ ಇನ್ನೊಂದಿಲ್ಲ. ಪಶ್ಚಿಮದ ಗೋಡೆಗೆ ಅದನ್ನೇ ಹಬ್ಬಿಸಿ. ನಿಂಬೆ, ದಾಸವಾಳ ಎರೆಯಲ್ಲಿ ಆಗಾಗ ಹಳದಿ ತಿರುಗುತ್ತವೆ. ಮಣ್ಣಿನಲ್ಲಿ ಸುಣ್ಣದಂಶ ಜಾಸ್ತಿ ಇರುವುದರಿಂದ ಬೇರಿಗೆ ಕಬ್ಬಿಣ ಸಿಗುವುದಿಲ್ಲ. ಎರಡಡಿ ಗುಂಡಿ ತೆಗೆದು ಅರ್ಧ ಕೆಂಪುಮಣ್ಣು, ಕಾಲು ತಿಪ್ಪೆಗೊಬ್ಬರ, ಕಾಲು ತೆಗೆದ ಮಣ್ಣು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ನೆಡಿ. ಬುಡಕ್ಕೆ ಒಣ ಎಲೆ ಅಥವಾ ಪುಡಿ ಮಾಡಿದ ತೊಗರಿ ಕಟ್ಟಿಗೆ ಮುಚ್ಚಿದರೆ ನೀರು ಉಳಿಯುತ್ತದೆ, ಬಿರುಕೂ ಕಮ್ಮಿ. ಹುಲ್ಲುಹಾಸಿನ ಆಸೆ ಬಿಡಿ. ಮೇ ತಿಂಗಳಲ್ಲಿ ಕುಡಿಯಲು ಟ್ಯಾಂಕರ್ ಕಾಯುವ ಊರಲ್ಲಿ ಹುಲ್ಲಿಗೆ ನೀರು ಯಾರು ಕೊಡುತ್ತಾರೆ?

ಗಿಡ ಬೆಳೆಯುವವರೆಗೆ ನಾಲ್ಕು ಕಬ್ಬಿಣದ ಕಂಬ, ಶೇ 50ರಷ್ಟು ನೆರಳು ಕೊಡುವ ಹಸಿರು ನೆಟ್ ಸಾಕು. ಕಂಬದ ಗುಂಡಿ ಅಂಗಳ ಹಾಸುವ ಮೊದಲೇ ತೋಡಿಸಿ. ಕಟ್ಟೆ 16ರಿಂದ 18 ಇಂಚು ಎತ್ತರ, 15 ಇಂಚು ಅಗಲ. ಮೇಲೆ ಅಂಚು ಗುಂಡಗೆ ಮಾಡಿಸಿದ ಶಹಾಬಾದ್ ಚಪ್ಪಡಿ ಹಾಕಿಸಿ.

ಗೌಂಡಿ ಜೊತೆ ಮಾತು

ರೇಟನ್ನು ಬರೀ ‘ಚದರಡಿಗೆ ಇಷ್ಟು’ ಅಂತ ಮುಗಿಸಬೇಡಿ. ಆ ರೇಟಿನಲ್ಲಿ ಸಾಮಾನ್ಯವಾಗಿ ಇರುವುದು ಉಸುಕು ಮತ್ತು ಬ್ಲಾಕ್ ಹಾಸುವ ಕೂಲಿ ಮಾತ್ರ. ಅಗೆತ, ಮಣ್ಣು ಸಾಗಣೆ, ಮೊರಂ, ಖಡಿ, ವೈಬ್ರೇಟರ್ ಬಾಡಿಗೆ, ಅಂಚು, ಇವಕ್ಕೆ ಬೇರೆ ಬೇರೆ ಸಾಲು ಬರೆಯಿಸಿ. ಎಷ್ಟು ಇಂಚು ಅನ್ನುವುದೂ ಅದರಲ್ಲಿರಲಿ. ಟ್ರಾಲಿ ಬಂದಾಗ ಟೇಪ್ ಹಿಡಿದು ಅಳೆಯಿರಿ, 100 ಘನ ಅಡಿಗೆ ಒಂದು ಬ್ರಾಸ್. ದುಡ್ಡು ಕಡಿಮೆ ಬಿದ್ದರೆ ಅಂಗಳದ ಅಳತೆ ಕಡಿಮೆ ಮಾಡಿ, ತಳದ ದಪ್ಪ ಕಡಿಮೆ ಮಾಡಬೇಡಿ. ಉಳಿದ ಭಾಗ ಮುಂದಿನ ಚಳಿಗಾಲಕ್ಕೆ ಇಟ್ಟುಕೊಂಡರಾಯಿತು.

ಮೊದಲ ಎರಡು ಮಳೆಗಾಲ

ಮೂವತ್ತು ಬ್ಲಾಕು ಹೆಚ್ಚಿಗೆ ತರಿಸಿ ಒಂದು ಮೂಲೆಯಲ್ಲಿಡಿ. ಆಮೇಲೆ ಅದೇ ಬಣ್ಣ ಸಿಗುವುದಿಲ್ಲ. ಮೊದಲ ದೊಡ್ಡ ಮಳೆ ನಿಂತ ತಕ್ಷಣ ಹಿತ್ತಲಿಗೆ ಹೋಗಿ, ನೀರು ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಹಾಕಿ. ಒಣಗಿದ ಮೇಲೆ ಗೆರೆ ಹುಡುಕಿದರೆ ಸಿಗುವುದಿಲ್ಲ, ಹಾಗಾಗಿ ಮೊಬೈಲಿನಲ್ಲಿ ಫೋಟೊ ಕೂಡ ತೆಗೆದಿಡಿ. ರಿಪೇರಿ ಮಾತ್ರ ಕೂಡಲೇ ಬೇಡ. ನವೆಂಬರ್‌ವರೆಗೆ ಕಾದು, ಎರಡು ಅಗಲ ಸ್ಕ್ರೂಡ್ರೈವರ್‌ನಿಂದ ಆ ಬ್ಲಾಕು ಎತ್ತಿ, ಖಡಿ ತುಂಬಿ ಬಡಿದು, ಉಸುಕು ಎಳೆದು ಮತ್ತೆ ಕೂರಿಸಿ. ಸಂದಿಯ ಉಸುಕು ಮಳೆಗೆ ತೊಳೆದು ಹೋಗಿರುತ್ತದೆ, ಅದನ್ನೂ ತುಂಬಿ.

ಬೋರ್ ನೀರಿನ ಬಿಳಿ ಕಲೆಗೆ ಬಚ್ಚಲು ತೊಳೆಯುವ ಆ್ಯಸಿಡ್ ಹಾಕುವ ಅಭ್ಯಾಸ ಹಲವರಿಗಿದೆ. ಶಹಾಬಾದ್ ಮೇಲೆ ಅದು ಬಿದ್ದರೆ ನೊರೆ ಎದ್ದು ಕಲ್ಲೇ ಕರಗುತ್ತದೆ. ಹುಣಸೆಹಣ್ಣು, ನಿಂಬೆ ರಸವೂ ಗುರುತು ಬಿಡುತ್ತವೆ. ಸೋಪಿನ ನೀರು, ತೆಂಗಿನ ನಾರಿನ ಬ್ರಷ್ ಸಾಕು.